ಗುಂಡು ಹಾರಿಸುವವನನ್ನು ಪುರಭವನಕ್ಕೆ ಕರೆದ ನಗರ

(ಯುವಜನರ ಕುರಿತು ನಡೆದ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



'ಯುವಜನರು ಮತ್ತು ಹಿಂಸೆ' ಎಂಬ ವಿಷಯದ ಕುರಿತು ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ತುಸು ಹಿಂಜರಿದೆ. ಈ ವಿಷಯದ ಮೇಲೆ ನಾವು ಕೇಳದ ಭಾಷಣವೇ ಇಲ್ಲ. ಗಾಂಜಾದ ಕೆಡುಕು, ಮೊಬೈಲಿನ ಕೆಡುಕು, ಹೆತ್ತವರ ಅಲಕ್ಷ್ಯ, ಗಲ್ಫಿನಲ್ಲಿರುವ ತಂದೆ, ಕೈಮೀರಿದ ಮಗ. ಎಲ್ಲವನ್ನೂ ಹೇಳಿ ಮುಗಿಸಿ, ಚಹಾ ಕುಡಿದು ನಾವು ಮನೆಗೆ ಹೋಗುತ್ತೇವೆ. ಯಾರನ್ನು ಕುರಿತು ಮಾತಾಡಿದೆವೋ ಅವರಲ್ಲಿ ಒಬ್ಬನೂ ಸಭೆಯಲ್ಲಿರುವುದಿಲ್ಲ. ಆದ್ದರಿಂದ ಇಂದು ನಾನು ಉಪದೇಶಕ್ಕೆ ತೊಡಗದೆ ಒಂದು ನಗರದಲ್ಲಿ ನಡೆದುದನ್ನು ಹೇಳಬಯಸುತ್ತೇನೆ. ಅದು ಇಲ್ಲಿಂದ ಬಹಳ ದೂರದ, ನಮ್ಮ ಧರ್ಮದವರೂ ಭಾಷೆಯವರೂ ಅಪರೂಪವಾಗಿರುವ ನಗರ. ಆದರೂ ಅಲ್ಲಿಯ ಆಡಳಿತ ಮಾಡಿದ ಒಂದು ಕೆಲಸ ಹಲವು ದಿನಗಳಿಂದ ನನ್ನ ನಿದ್ದೆಗೆಡಿಸಿದೆ.

ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇಪ್ಪತ್ತೆರಡು ವಯಸ್ಸಿನ ಯುವಕನೊಬ್ಬನ ಜನಾಝಾದಲ್ಲಿ ನಾನು ಭಾಗವಹಿಸಿದ್ದೆ. ರಾತ್ರಿ ಮನೆಗೆ ಮರಳುತ್ತಿದ್ದವನನ್ನು ರಸ್ತೆಯಲ್ಲಿ ಅಡ್ಡಗಟ್ಟಿ ತಲವಾರಿನಿಂದ ಕಡಿದು ಕೊಂದಿದ್ದರು. ಕೊಂದವರೂ ಮುಸ್ಲಿಮರೇ, ನಮಾಝ್ ಮಾಡುವ ಮಸೀದಿ ಬೇರೆ, ಅಷ್ಟೇ. ಮಯ್ಯಿತ್ತನ್ನು ಖಬರಿಗಿಳಿಸಿ, ಮೂರು ಹಿಡಿ ಮಣ್ಣು ಹಾಕಿ ಈಚೆ ಬಂದಾಗ ಆವರಣ ಗೋಡೆಯ ಬಳಿ ಇಬ್ಬರು ಹುಡುಗರು ನಿಂತಿದ್ದರು. ಒಬ್ಬನು ಅಳುತ್ತಿದ್ದ. ಇನ್ನೊಬ್ಬನು ಮೊಬೈಲಿನಲ್ಲಿ ತಗ್ಗಿದ ದನಿಯಲ್ಲಿ, ಯಾವನೋ ಈಗ ಎಲ್ಲಿದ್ದಾನೆಂದು ವಿಚಾರಿಸುತ್ತಿದ್ದ. ಮುಂದೆ ಏನಾಗಲಿದೆ ಎಂಬುದನ್ನು ಊಹಿಸಲು ವಿಶೇಷ ಬುದ್ಧಿ ಬೇಕಿರಲಿಲ್ಲ. ಸಮಿತಿಯ ಹಿರಿಯರು ನೋಡಿದರು, ತಲೆ ತಗ್ಗಿಸಿ ಹೊರಟರು. ನಾನೂ ನೋಡಿದೆ. ಕಚೇರಿಗೆ ಹೋಗಿ 'ರೌಡಿ ಶೀಟರ್ ಹತ್ಯೆ' ಎಂಬ ತಲೆಬರಹದ ಕೆಳಗೆ ಎಂಟು ಸಾಲು ಬರೆದೆ. ಎರಡು ತಿಂಗಳು ಕಳೆಯುವ ಮುನ್ನವೇ ಇನ್ನೊಂದು ಮಸೀದಿಯ ಖಬರಸ್ಥಾನದಲ್ಲಿ ಇನ್ನೊಂದು ಖಬರು ತೋಡಲಾಯಿತು. ಆ ಸುದ್ದಿಯನ್ನು ಬರೆದವನೂ ನಾನೇ.

ಆ ಗೋಡೆಯ ಬಳಿ ನಿಂತಿದ್ದ ಹುಡುಗನೊಡನೆ ಅಂದು ಮಾತಾಡಬೇಕಾದವರು ಯಾರು? ಪೊಲೀಸರೇ? ಇಮಾಮರೇ? ನಗರಸಭೆಯ ಸದಸ್ಯರೇ? ಅವನ ತಾಯಿಯೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ನನಗೆ ಎದುರಾದ ನಗರ ರಿಚ್ಮಂಡ್.

ಅಮೇರಿಕದಲ್ಲಿ ರಿಚ್ಮಂಡ್ ಎಂಬ ಹೆಸರಿನ ಹಲವು ಊರುಗಳಿವೆ. ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿರುವ, ಒಂದು ಲಕ್ಷಕ್ಕೆ ತುಸು ಮೇಲ್ಪಟ್ಟ ಜನಸಂಖ್ಯೆಯ ನಗರವನ್ನು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹಡಗು ಕಟ್ಟುವ ನಾಲ್ಕು ಬೃಹತ್ ಕಾರ್ಖಾನೆಗಳಿದ್ದವು. ಯುದ್ಧ ಮುಗಿಯುವುದರೊಳಗೆ 747 ಹಡಗುಗಳನ್ನು ಅಲ್ಲಿಂದ ನೀರಿಗಿಳಿಸಲಾಯಿತು. ಈ ಕೆಲಸಕ್ಕಾಗಿ ಟೆಕ್ಸಸ್, ಲೂಯಿಸಿಯಾನ, ಅರ್ಕಾನ್ಸಾಗಳಿಂದ ಸಾವಿರಾರು ಕರಿಯ ಕುಟುಂಬಗಳು ವಲಸೆ ಬಂದವು. ಯುದ್ಧ ಮುಗಿಯಿತು, ಕಾರ್ಖಾನೆಗಳು ಮುಚ್ಚಿದವು, ಆದರೆ ಜನರು ಅಲ್ಲಿಯೇ ಉಳಿದರು. ಕೆಲಸವಿಲ್ಲ, ಒಳ್ಳೆಯ ಬಡಾವಣೆಗಳಲ್ಲಿ ಅವರಿಗೆ ಮನೆ ಕೊಡುವವರಿಲ್ಲ. ಮೂರು ಕಡೆ ರೈಲು ಹಳಿಗಳು ಸುತ್ತುವರಿದಿರುವ ಐರನ್ ಟ್ರಯಾಂಗಲ್ ಎಂಬ ಬಡಾವಣೆ ಕ್ರಮೇಣ ಬಂದೂಕಿನ ಸದ್ದಿಗೆ ಹೆಸರಾಯಿತು. ಎರಡು ಬೀದಿಗಳ ಹುಡುಗರ ನಡುವಿನ ಜಗಳ ಮೂರನೇ ತಲೆಮಾರಿಗೆ ಬರುವಾಗ ಅದು ಯಾಕೆ ಆರಂಭವಾಯಿತೆಂಬುದೇ ಮರೆತು ಹೋಗಿತ್ತು. ಕೊಲೆ ಮಾತ್ರ ಮರೆಯಲಿಲ್ಲ. 2005ರಲ್ಲಿ ನಗರದಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕೆಂಬ ಬೇಡಿಕೆ ನಗರ ಪರಿಷತ್ತಿನಲ್ಲಿಯೇ ಎದ್ದಿತು. 2007ರ ಒಂದೇ ವರ್ಷದಲ್ಲಿ ಅಲ್ಲಿ 47 ಮಂದಿ ಕೊಲೆಯಾದರು. ಒಂದು ಲಕ್ಷ ಜನರ ಪಟ್ಟಣದಲ್ಲಿ 47 ಕೊಲೆ! ನಮ್ಮ ಒಂದು ತಾಲೂಕು ಕೇಂದ್ರದಲ್ಲಿ ಹಾಗಾದರೆ ಏನಾದೀತೆಂದು ಕಲ್ಪಿಸಿಕೊಳ್ಳಿ.

ಆ ವರ್ಷ ರಿಚ್ಮಂಡಿನ ನಗರಾಡಳಿತ ಒಂದು ಹೊಸ ಇಲಾಖೆಯನ್ನು ತೆರೆಯಿತು. ಅದರ ಹೆಸರನ್ನು ನೆರೆಹೊರೆ ಸುರಕ್ಷತಾ ಕಚೇರಿ ಎಂದು ಅನುವಾದಿಸಬಹುದು. ಪೊಲೀಸ್ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ಬಂಧಿಸುವ ಅಧಿಕಾರ ಅದಕ್ಕಿಲ್ಲ, ಸಮವಸ್ತ್ರವಿಲ್ಲ, ಆಯುಧವಿಲ್ಲ. ನೀರು, ರಸ್ತೆ, ಉದ್ಯಾನಗಳಿಗೆ ಇರುವಂತೆ ನಗರದ ಆಯವ್ಯಯದಲ್ಲಿ ಅದಕ್ಕೊಂದು ಪಾಲು, ಅಷ್ಟೇ. ಡಿವೋನ್ ಬೋಗನ್ ಎಂಬವರು ಅದರ ಮೊದಲ ನಿರ್ದೇಶಕರಾದರು. ಅವರು ಕ್ಷೇತ್ರ ಸಿಬ್ಬಂದಿಯನ್ನು ನೇಮಿಸಿಕೊಂಡರು. ಹೆಚ್ಚಿನವರು ಅದೇ ಬೀದಿಗಳಲ್ಲಿ ಬೆಳೆದು, ಬಂದೂಕು ಹಿಡಿದು, ಜೈಲು ಕಂಡು ಮರಳಿದವರು. ಜೈಲಿನಿಂದ ಬಂದವನಿಗೆ ಸರ್ಕಾರಿ ಸಂಬಳವೇ ಎಂದು ಅಲ್ಲಿಯೂ ಹುಬ್ಬೇರಿಸಿದರು. ಆದರೆ ರಾತ್ರಿ ಎರಡು ಗಂಟೆಗೆ ಆ ಬೀದಿಯ ಮೂಲೆಯಲ್ಲಿ ನಿಂತು ಮಾತಾಡಿಸಿದರೆ ಉತ್ತರ ಸಿಗುವುದು ಅಂತಹವನಿಗೆ ಮಾತ್ರ.

ಕೆಲಸ ಆರಂಭಿಸಿದ ಮೇಲೆ ಬೋಗನ್‌ರಿಗೆ ಒಂದು ಅಂಕಿ ಸಿಕ್ಕಿತು. ಪೊಲೀಸರ ಅಂದಾಜಿನ ಪ್ರಕಾರ ನಗರದಲ್ಲಿ ನಡೆಯುತ್ತಿದ್ದ ಗುಂಡಿನ ದಾಳಿಗಳಲ್ಲಿ ನೂರಕ್ಕೆ 70ರಷ್ಟರ ಹಿಂದೆ ಇದ್ದವರು ಮೂವತ್ತು ಮಂದಿಯೂ ಅಲ್ಲ. ಗಮನಿಸಿ: ಇಡೀ ಬಡಾವಣೆಯಲ್ಲ, ಇಡೀ ಜನಾಂಗವಲ್ಲ, ಲಕ್ಷ ಜನರಲ್ಲಿ ಮೂವತ್ತಕ್ಕಿಂತ ಕಡಿಮೆ! ಸಾಕ್ಷ್ಯವಿಲ್ಲದೆ ಹೊರಗಿದ್ದ ಈ ಯುವಕರ ಹೆಸರು ಎಲ್ಲರಿಗೂ ಗೊತ್ತಿತ್ತು. ಅವರು ಎಲ್ಲರಿಂದಲೂ ಬಿಟ್ಟುಹೋದವರಾಗಿದ್ದರು. ಶಾಲೆ ಬಿಟ್ಟಿತ್ತು, ಚರ್ಚು ಬಿಟ್ಟಿತ್ತು, ಸೇವಾ ಸಂಸ್ಥೆಗಳು 'ಇವರು ಅಪಾಯಕಾರಿ' ಎಂದು ಬಾಗಿಲು ಹಾಕಿದ್ದವು. ಬಡಮಕ್ಕಳಿಗಾಗಿ ಬರುತ್ತಿದ್ದ ಅನುದಾನವೆಲ್ಲ ಒಳ್ಳೆಯ ಮಕ್ಕಳಿಗೆ ಸಲ್ಲುತ್ತಿತ್ತು. ಗುಂಡು ಹಾರಿಸುವವನ ಬಳಿಗೆ ಬರುತ್ತಿದ್ದುದು ಪೊಲೀಸ್ ವಾಹನ ಮಾತ್ರ.

2010ರಲ್ಲಿ ಆ ಕಚೇರಿ ಇಪ್ಪತ್ತೈದು ಯುವಕರಿಗೆ ಆಹ್ವಾನ ಕಳುಹಿಸಿತು. ಎಲ್ಲಿಗೆ? ಠಾಣೆಗಲ್ಲ, ನಗರದ ಪುರಭವನಕ್ಕೆ. ಇಪ್ಪತ್ತೊಂದು ಮಂದಿ ಬಂದರು. ಪರಸ್ಪರ ಕೊಲ್ಲಲು ಕಾದಿದ್ದವರು ಒಂದೇ ಕಟ್ಟಡದೊಳಗೆ ಬಂದು ಕುಳಿತರು. ಮೇಜಿನ ಮೇಲೆ ಪ್ರತಿಯೊಬ್ಬನ ಹೆಸರಿತ್ತು. ಈ ನಗರದ ಶಾಂತಿ ನಿಮ್ಮ ಕೈಯಲ್ಲಿದೆ, ನಿಮ್ಮನ್ನು ಬಿಟ್ಟು ನಮಗೆ ಅದನ್ನು ತರಲಾಗದು, ನೆರವಾಗಿ ಎಂಬ ಅರ್ಥದಲ್ಲಿ ಅವರೊಡನೆ ಮಾತಾಡಲಾಯಿತು. ಸಭೆ ಮುಗಿಯುವಾಗ ಪ್ರತಿಯೊಬ್ಬನಿಗೂ 1,000 ಡಾಲರ್ ಕೊಡಲಾಯಿತು. ಯಾವ ಷರತ್ತೂ ಇಲ್ಲದೆ.

ಹದಿನೆಂಟು ತಿಂಗಳ ಒಂದು ಕಾರ್ಯಕ್ರಮಕ್ಕೆ ಅದು ಆರಂಭ. ಕಾರ್ಯಕರ್ತರು ಪ್ರತಿದಿನ ಆ ಯುವಕರನ್ನು ಭೇಟಿಯಾಗಬೇಕು ಅಥವಾ ಫೋನಿನಲ್ಲಿ ಮಾತಾಡಿಸಬೇಕು. ಪ್ರತಿಯೊಬ್ಬನೂ ತನ್ನ ಬದುಕಿನ ಒಂದು ನಕ್ಷೆ ಬರೆಯಬೇಕು: ಚಾಲನಾ ಪರವಾನಗಿ, ಶಾಲೆಯ ಪ್ರಮಾಣಪತ್ರ, ಮನೆ, ತನ್ನ ಮಗುವನ್ನು ನೋಡಿಕೊಳ್ಳುವುದು, ಸಿಟ್ಟು ಬಂದಾಗ ಏನು ಮಾಡಬೇಕೆಂಬುದು. ಆರು ತಿಂಗಳು ತೊಡಗಿಸಿಕೊಂಡು ಮುನ್ನಡೆ ತೋರಿದವನಿಗೆ ತಿಂಗಳಿಗೆ ಗರಿಷ್ಠ 1,000 ಡಾಲರ್‌ನಂತೆ ಒಂಬತ್ತು ತಿಂಗಳವರೆಗೆ ವೇತನ. ಅದೂ ತೆರಿಗೆಯ ಹಣದಿಂದಲ್ಲ, ಖಾಸಗಿ ದಾನಿಗಳ ಹಣದಿಂದ. ಊರ ಹೊರಗೆ ಪ್ರವಾಸ ಹೋಗುವ ಅವಕಾಶವೂ ಇತ್ತು, ಆದರೆ ಅದಕ್ಕೊಂದು ಷರತ್ತು: ಎದುರಾಳಿ ಗುಂಪಿನವನೊಬ್ಬ ಜೊತೆಯಲ್ಲಿರಬೇಕು. ಕೊಲ್ಲಬೇಕೆಂದಿದ್ದವನ ಪಕ್ಕದಲ್ಲಿ ಕುಳಿತು ದೂರ ಪ್ರಯಾಣ ಮಾಡಿ, ಒಂದೇ ಮೇಜಿನಲ್ಲಿ ಉಂಡು ಬಂದವನಿಗೆ ಮರುವಾರ ಬೀದಿಯಲ್ಲಿ ಅವನೆದುರು ಬಂದೂಕು ಎತ್ತುವುದು ಅಷ್ಟು ಸುಲಭವಲ್ಲ.

2007ರಲ್ಲಿ 47 ಇದ್ದ ಕೊಲೆಗಳ ಸಂಖ್ಯೆ 2014ರಲ್ಲಿ 11ಕ್ಕೆ ಇಳಿಯಿತು. ಅದು ಅಲ್ಲಿ ಹಲವು ದಶಕಗಳಲ್ಲೇ ಅತಿ ಕಡಿಮೆ. ಇದೆಲ್ಲವೂ ಆ ಕಚೇರಿಯ ಸಾಧನೆಯೆಂದು ನಾನು ಹೇಳಲಾರೆ. 2006ರಲ್ಲಿ ಬಂದ ಹೊಸ ಪೊಲೀಸ್ ಮುಖ್ಯಸ್ಥ ಕ್ರಿಸ್ ಮ್ಯಾಗ್ನಸ್ ಪೊಲೀಸರನ್ನು ವಾಹನದಿಂದಿಳಿಸಿ ಬಡಾವಣೆಗಳಲ್ಲಿ ನಡೆದಾಡಿಸಿದರು, ಅದೂ ಕಾರಣ. 2006ರಲ್ಲಿ ಅಲ್ಲಿನ ನಿವಾಸಿಗಳೇ ಕೊಲೆಗಳು ನಡೆಯುವ ಜಾಗಗಳಲ್ಲಿ ಡೇರೆ ಹಾಕಿ ರಾತ್ರಿ ಕಳೆದರು; ಅದೂ ಕಾರಣ. 2019ರಲ್ಲಿ ಅಮೇರಿಕದ ಸಾರ್ವಜನಿಕ ಆರೋಗ್ಯದ ಪ್ರತಿಷ್ಠಿತ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕಾರ್ಯಕ್ರಮದ ಬಳಿಕ ಗುಂಡೇಟಿನ ಸಾವು ಮತ್ತು ಆಸ್ಪತ್ರೆ ಸೇರ್ಪಡೆಗಳು ವರ್ಷಕ್ಕೆ ನೂರಕ್ಕೆ 55ರಷ್ಟು ಕಡಿಮೆಯಾದವೆಂದು ಅಂದಾಜಿಸಿತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಬಂದೂಕಿಲ್ಲದ ಹೊಡೆದಾಟಗಳಿಂದಾದ ಸಾವು ಮತ್ತು ಗಾಯಗಳು ನೂರಕ್ಕೆ 16ರಷ್ಟು ಹೆಚ್ಚಾದವು. ಸಿಟ್ಟು ಹೋಗಲಿಲ್ಲ, ಬಂದೂಕು ಕೆಳಗಿಳಿಯಿತು ಎಂದು ಇದನ್ನು ಓದಬಹುದೇನೋ. 2011ರಲ್ಲಿ ಪುರಭವನದ ಆ ಕಚೇರಿಯೊಳಗೇ ಎರಡು ಗುಂಪುಗಳು ಬಡಿದಾಡಿಕೊಂಡವು. ಬಡಿದಾಡಿದವರ ಬಗ್ಗೆ ಪೊಲೀಸರಿಗೆ ಮಾಹಿತಿ ನೀಡಲು ಸಿಬ್ಬಂದಿ ನಿರಾಕರಿಸಿದರು. ಊರಿಡೀ ಕೋಪಗೊಂಡಿತು. ಮಾಹಿತಿ ನೀಡಿದ್ದರೆ ಮರುದಿನದಿಂದ ಒಬ್ಬ ಹುಡುಗನೂ ಆ ಕಚೇರಿಯ ಮೆಟ್ಟಿಲೇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. 2015ರಲ್ಲಿ ಕೊಲೆಗಳು ಮತ್ತೆ 21ಕ್ಕೆ ಏರಿದವು. ಇದು ಒಮ್ಮೆ ಗೆದ್ದು ಮುಗಿಸುವ ಯುದ್ಧವಲ್ಲ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಏಕೆಂದರೆ ನಿಮ್ಮಲ್ಲಿ ಕೆಲವರ ಮುಖದಲ್ಲಿ ಆ ಪ್ರಶ್ನೆ ಕಾಣುತ್ತಿದೆ. ಕೊಲೆಗಡುಕನಿಗೆ ಸಂಬಳವೇ? ಕಷ್ಟಪಟ್ಟು ಓದುವ ಹುಡುಗನಿಗೆ ವಿದ್ಯಾರ್ಥಿವೇತನವಿಲ್ಲ, ಇವನಿಗೆ ಸಾವಿರ ಡಾಲರೇ? ಅಮೇರಿಕದ ಪತ್ರಿಕೆಗಳೂ ಇದನ್ನೇ ಕೇಳಿದವು. ಮದ್ರಸಾದ ಚಾಪೆಯ ಮೇಲೆ ಕುಳಿತು ಸೀರತ್ ಓದಿದವನಿಗೆ ಈ ಪ್ರಶ್ನೆ ಹೊಸತಾಗಿ ಕೇಳಿಸುವುದಿಲ್ಲ. ಹುನೈನ್ ಯುದ್ಧದ ಬಳಿಕ ಪ್ರವಾದಿ ಮುಹಮ್ಮದ್(ಸ)ರು ನಿನ್ನೆಯವರೆಗೂ ತಮ್ಮ ವಿರುದ್ಧ ಸೇನೆ ಕಟ್ಟಿದ್ದ ಕುರೈಶ್ ನಾಯಕರಿಗೆ ನೂರು ನೂರು ಒಂಟೆಗಳನ್ನು ಹಂಚಿದರು. ಅಬೂ ಸುಫ್ಯಾನ್, ಸಫ್ವಾನ್ ಬಿನ್ ಉಮಯ್ಯ ಮುಂತಾದವರು ಅವರಲ್ಲಿದ್ದರು. ತಮ್ಮ ಮನೆ, ಹೊಲ, ಜೀವ ಎಲ್ಲವನ್ನೂ ಇಸ್ಲಾಮಿಗೆ ಕೊಟ್ಟಿದ್ದ ಮದೀನಾದ ಅನ್ಸಾರರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಅನ್ಸಾರರು ನೊಂದರು, ತಮ್ಮೊಳಗೆ ಗೊಣಗಿದರು. ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ. ಅವರನ್ನು ಪ್ರತ್ಯೇಕವಾಗಿ ಕರೆದು ಕೂರಿಸಿ, ಆ ಕೊಡುಗೆ ಯಾರ ಹೃದಯವನ್ನು ಒಲಿಸಿಕೊಳ್ಳಲು ಎಂಬುದನ್ನು ವಿವರಿಸಿದರು. ತಾವು ಅನ್ಸಾರರೊಡನೆಯೇ ಮರಳುವುದಾಗಿ ಹೇಳಿದರು. ಗಡ್ಡ ಒದ್ದೆಯಾಗುವಷ್ಟು ಅವರು ಅತ್ತರು. ಪ್ರವಾದಿ(ಸ)ರು ಕೊಡುತ್ತಾ ಹೋದಂತೆ ತನ್ನ ದ್ವೇಷ ಪ್ರೀತಿಯಾಗಿ ಬದಲಾಯಿತೆಂದು ಸಫ್ವಾನ್ ಮುಂದೆ ಸ್ವತಃ ಹೇಳಿದ್ದಾರೆ.

ಝಕಾತ್‌ನ ಎಂಟು ಹಕ್ಕುದಾರರಲ್ಲಿ ಒಂದು ವರ್ಗ 'ಮುಅಲ್ಲಫತುಲ್ ಕುಲೂಬ್', ಅಂದರೆ ಹೃದಯ ಒಲಿಸಬೇಕಾದವರು. ಮುಂದೆ ಹಝ್ರತ್ ಉಮರ್(ರ)ರು ಆ ಪಾಲನ್ನು ಕೆಲವರಿಗೆ ಮುಂದುವರಿಸಲು ಒಪ್ಪಲಿಲ್ಲ; ಅದರ ಕುರಿತು ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ರೌಡಿಗಳಿಗೆ ಝಕಾತ್ ಹಂಚಿರೆಂದು ನಾನು ಫತ್ವಾ ಕೊಡುತ್ತಿದ್ದೇನೆಂದು ದಯವಿಟ್ಟು ನಾಳೆ ಸುದ್ದಿ ಹಬ್ಬಿಸಬೇಡಿ. ಆ ಅರ್ಹತೆ ನನಗಿಲ್ಲ. ಅಪಾಯಕಾರಿ ಮನುಷ್ಯನ ಮೇಲೆ ಸಮಾಜದ ಸಂಪತ್ತನ್ನು ಖರ್ಚು ಮಾಡುವುದು ನಮ್ಮ ಇತಿಹಾಸಕ್ಕೆ ಅಪರಿಚಿತವಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅನ್ಸಾರರ ನೋವೂ ನ್ಯಾಯವಾದುದೇ. ಓದುವ ಹುಡುಗನ ಕೋಪವೂ ನ್ಯಾಯವಾದುದೇ. ಅವನನ್ನು ಕೂರಿಸಿಕೊಂಡು ವಿವರಿಸುವ ಹೊಣೆ ಹಿರಿಯರದ್ದು.

ಅದೇ ಅಮೇರಿಕದಲ್ಲಿ ಇನ್ನೊಂದು ದಾರಿಯನ್ನೂ ಪರೀಕ್ಷಿಸಲಾಯಿತು. ನ್ಯೂಯಾರ್ಕ್ ನಗರದಲ್ಲಿ ಪೊಲೀಸರು ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಪ್ರಶ್ನಿಸಿ, ಮೈ ತಡಕುತ್ತಿದ್ದರು. 2011ರ ಒಂದೇ ವರ್ಷದಲ್ಲಿ ಸುಮಾರು 6 ಲಕ್ಷ 85 ಸಾವಿರ ಬಾರಿ ಹೀಗೆ ನಿಲ್ಲಿಸಲಾಯಿತು. ನಿಲ್ಲಿಸಲ್ಪಟ್ಟವರಲ್ಲಿ ಬಹುಪಾಲು ಕರಿಯರು ಮತ್ತು ಲ್ಯಾಟಿನ್ ಮೂಲದ ಯುವಕರು. ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಏನೂ ಸಿಗದೆ ಬಿಟ್ಟು ಕಳುಹಿಸಲಾಯಿತು. 2013ರಲ್ಲಿ ಫೆಡರಲ್ ನ್ಯಾಯಾಲಯವು ಇದು ನಡೆದ ರೀತಿ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ನಗರ ರಕ್ತಸಿಕ್ತವಾದೀತು ಎಂದು ಹಲವರು ಹೆದರಿಸಿದರು. ಆದರೆ ತಡಕುವುದು ಹತ್ತನೇ ಒಂದಕ್ಕೂ ಕಡಿಮೆಯಾದ ಮೇಲೆ, 2017ರಲ್ಲಿ ನ್ಯೂಯಾರ್ಕಿನ ಕೊಲೆಗಳು 300ಕ್ಕಿಂತ ಕೆಳಗಿಳಿದವು. ಇಡೀ ಮೊಹಲ್ಲಾವನ್ನು ಶಂಕಿಸುವುದರಿಂದ ಅಪರಾಧಿ ಸಿಗುವುದಿಲ್ಲ; ಅವನಿಗೆ ಅಡಗಲು ಇನ್ನಷ್ಟು ಜಾಗ ಸಿಗುತ್ತದೆ, ಏಕೆಂದರೆ ಪೊಲೀಸರನ್ನು ನಂಬುವ ನೆರೆಯವನು ಇಲ್ಲವಾಗುತ್ತಾನೆ.

ಇದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಒಬ್ಬನ ಮೇಲಿನ ಆರೋಪಕ್ಕೆ ಅವನ ತಾಯಿ, ಹೆಂಡತಿ, ಮಕ್ಕಳು ವಾಸಿಸುವ ಮನೆಯನ್ನು ಬುಲ್ಡೋಝರಿನಿಂದ ಕೆಡವುವ ರಾಜಕೀಯವನ್ನು ಉತ್ತರದ ಹಲವು ರಾಜ್ಯಗಳಲ್ಲಿ ನಾವು ಕಂಡಿದ್ದೇವೆ. 2024ರ ನವೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಅದಕ್ಕೆ ಮಾರ್ಗಸೂಚಿಯ ಕಡಿವಾಣ ಹಾಕಬೇಕಾಯಿತು. ನಮ್ಮ ರಾಜ್ಯದಲ್ಲಿ ಪ್ರತಿ ಠಾಣೆಯಲ್ಲೂ ರೌಡಿಗಳ ಪಟ್ಟಿಯಿದೆ. ರಿಚ್ಮಂಡಿನಲ್ಲಿದ್ದಂತಹ ಪಟ್ಟಿ ನಮ್ಮಲ್ಲಿಯೂ ಇದೆ ಎಂದಾಯಿತು! ಆ ಪಟ್ಟಿಯನ್ನು ಇಟ್ಟುಕೊಂಡು ಏನು ಮಾಡಲಾಗುತ್ತದೆ? ಹಬ್ಬವೋ ಚುನಾವಣೆಯೋ ಹತ್ತಿರ ಬಂದಾಗ ರೌಡಿ ಪೆರೇಡ್. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಕ್ಯಾಮರಾಗಳ ಮುಂದೆ ಕೂದಲು, ಗಡ್ಡ, ಹಚ್ಚೆಗಳ ಬಗ್ಗೆ ಗದರಿಸಿ ಕಳುಹಿಸುವುದು. ಅದನ್ನು ವರದಿ ಮಾಡಲು ನಾನೂ ಹೋಗಿದ್ದೇನೆ. ಸಾಲಿನಲ್ಲಿ ನಿಂತವರಲ್ಲಿ ಕೆಲವರು ಹತ್ತು ವರ್ಷಗಳಿಂದ ಆಟೋ ಓಡಿಸಿಕೊಂಡು ಮರ್ಯಾದೆಯಿಂದ ಬದುಕುತ್ತಿದ್ದವರು. ನಿಜವಾಗಿ ಅಪಾಯದ ಅಂಚಿನಲ್ಲಿರುವ ಹತ್ತೊಂಬತ್ತರ ಹುಡುಗನಿಗೆ ಆ ಸಾಲು ಒಂದು ಬಿರುದು. ಒಂದೇ ಬಗೆಯ ಪಟ್ಟಿ. ಒಂದು ಊರಿನಲ್ಲಿ ಅದರಿಂದ ಆಹ್ವಾನಪತ್ರ ಹುಟ್ಟಿತು, ಇನ್ನೊಂದರಲ್ಲಿ ಮೆರವಣಿಗೆ.

ಸರ್ಕಾರವನ್ನು ಟೀಕಿಸುವುದು ಸುಲಭ. ಅದು ನನ್ನ ವೃತ್ತಿಯೂ ಹೌದು. ಆದರೆ ನಮ್ಮ ಮನೆಯೊಳಗೂ ನೋಡೋಣ. ಅಮೇರಿಕದ ಬಾಸ್ಟನ್ ನಗರದಲ್ಲಿ 1990ರಲ್ಲಿ 152 ಕೊಲೆಗಳಾದವು. ಆಗ ಅಲ್ಲಿನ ಕರಿಯ ಪಾದ್ರಿಗಳು ಚರ್ಚಿನ ಬಾಗಿಲೊಳಗೆ ಪ್ರವಚನ ಮಾಡುತ್ತಿದ್ದರು. 1992ರ ಮೇ ತಿಂಗಳಲ್ಲಿ ಗುಂಡಿಗೆ ಬಲಿಯಾದ ಯುವಕನೊಬ್ಬನ ಅಂತ್ಯಪ್ರಾರ್ಥನೆ ಚರ್ಚಿನಲ್ಲಿ ನಡೆಯುತ್ತಿರುವಾಗಲೇ ಒಂದು ಗುಂಪು ಒಳನುಗ್ಗಿ, ಅಲ್ಲಿದ್ದ ಇನ್ನೊಬ್ಬ ಯುವಕನನ್ನು ಹೊಡೆದು ಇರಿಯಿತು. ನಾವು ಬೀದಿಗೆ ಹೋಗಲಿಲ್ಲ, ಆದ್ದರಿಂದ ಬೀದಿಯೇ ನಮ್ಮ ಬಳಿಗೆ ಬಂತು ಎಂಬುದು ಆ ಪಾದ್ರಿಗಳಿಗೆ ಅಂದು ಅರಿವಾಯಿತು. ರಾತ್ರಿಯ ಹೊತ್ತು ಬೀದಿಗಳಲ್ಲಿ ನಡೆಯಲಾರಂಭಿಸಿದರು. ಯೂಜಿನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮುಂತಾದ ಪಾದ್ರಿಗಳು ಸೇರಿ ಒಕ್ಕೂಟ ಕಟ್ಟಿದರು. 1996ರಲ್ಲಿ ಪೊಲೀಸರು, ಪರಿವೀಕ್ಷಣಾಧಿಕಾರಿಗಳು, ನಗರಾಡಳಿತದ ಬೀದಿ ಕಾರ್ಯಕರ್ತರು ಕೂಡಿ ಗುಂಪುಗಳ ಸದಸ್ಯರನ್ನು ಕರೆಸಿ ಮುಖಾಮುಖಿ ಮಾತಾಡಿದಾಗ ಪಾದ್ರಿಗಳೂ ಜೊತೆಗಿದ್ದರು. ಬಿಡುವವನಿಗೆ ನೆರವು, ಇನ್ನೊಂದು ಹೆಣ ಬಿದ್ದರೆ ಇಡೀ ಗುಂಪಿನ ಮೇಲೆ ಕಾನೂನಿನ ಪೂರ್ಣ ಭಾರ. ನಗರದ ಯುವಜನರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆಯಿದ್ದ ಗುಂಪಿನವರು ಯುವಕರ ಕೊಲೆಗಳಲ್ಲಿ ನೂರಕ್ಕೆ 60ರಷ್ಟಕ್ಕೆ ಕಾರಣರೆಂದು ಅಲ್ಲಿಯೂ ಎಣಿಕೆ ತೋರಿಸಿತ್ತು. ಯುವಕರ ಕೊಲೆಗಳು ನೂರಕ್ಕೆ 63ರಷ್ಟು ಕಡಿಮೆಯಾದವು. ಬಳಿಕ ಏನಾಯಿತು? ಗೆದ್ದೆವೆಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಅಧಿಕಾರಿಗಳು ವರ್ಗವಾದರು, ಪಾದ್ರಿಗಳಲ್ಲಿ ಒಡಕು ಬಂತು. 1999ರಲ್ಲಿ 31ಕ್ಕೆ ಇಳಿದಿದ್ದ ಕೊಲೆಗಳು 2005ರಲ್ಲಿ 70ನ್ನು ದಾಟಿದವು.

ನಮ್ಮಲ್ಲಿ ಬಂದೂಕು ಎಲ್ಲಿದೆ, ತಲವಾರು ತಾನೇ ಎನ್ನುವವರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವನ್ನು ತೋರಿಸಬಹುದು. ಅಲ್ಲಿ ಚೂರಿಯೇ ಆಯುಧವಾಗಿತ್ತು. 2008ರಲ್ಲಿ ಬಾಸ್ಟನ್ನಿನ ಮಾದರಿಯಲ್ಲಿ ಗುಂಪುಗಳ ಹುಡುಗರನ್ನು ನ್ಯಾಯಾಲಯದ ಸಭಾಂಗಣಕ್ಕೆ ಕರೆಸಿದಾಗ ಅವರೆದುರು ನಿಂತು ಮಾತಾಡಿದವರಲ್ಲಿ ಇರಿತಕ್ಕೊಳಗಾದ ಹುಡುಗನ ತಾಯಿಯೂ ಇದ್ದರು. ಅಲ್ಲಿಯೂ ಹಿಂಸೆ ಗಣನೀಯವಾಗಿ ಇಳಿಯಿತು.

ಸಹೋದರಿಯರು ಇಷ್ಟೊಂದು ಸಂಖ್ಯೆಯಲ್ಲಿ ಬಂದಿರುವುದರಿಂದ ಷಿಕಾಗೊದ ಅಮೀನಾ ಮ್ಯಾಥ್ಯೂಸ್‌ರ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಆಕೆಯ ತಂದೆ ಜೆಫ್ ಫೋರ್ಟ್ ಆ ನಗರದ ಅತ್ಯಂತ ಕುಖ್ಯಾತ ತಂಡಗಳ ನಾಯಕರಲ್ಲೊಬ್ಬ. ಆಕೆಯೂ ಯೌವನದಲ್ಲಿ ಆ ದಾರಿ ತುಳಿದಿದ್ದರು. ಇಸ್ಲಾಮನ್ನು ಬದುಕಿಗೆ ತಂದುಕೊಂಡ ಬಳಿಕ, ಶಿರವಸ್ತ್ರ ಧರಿಸಿದ ಈ ಮಹಿಳೆ, ಹಿಂಸೆಯನ್ನು ತಡೆಯುವ ಸೀಸ್‌ಫೈರ್ ಎಂಬ ಸಂಸ್ಥೆಯ ಕಾರ್ಯಕರ್ತೆಯಾದರು. 2011ರ 'ದಿ ಇಂಟರಪ್ಟರ್ಸ್' ಎಂಬ ಸಾಕ್ಷ್ಯಚಿತ್ರ ಆಕೆಯ ಕೆಲಸವನ್ನು ಜಗತ್ತಿಗೆ ತೋರಿಸಿತು. ಗುಂಡೇಟು ಬಿದ್ದವನ ಆಸ್ಪತ್ರೆಯ ಹಾಸಿಗೆಯ ಬಳಿಗೆ, ಸತ್ತವನ ಮನೆಯಂಗಳಕ್ಕೆ, ಸೇಡಿಗೆ ಸಿದ್ಧರಾಗುತ್ತಿರುವ ಗೆಳೆಯರ ನಡುವೆ ಆ ಸಂಸ್ಥೆಯವರು ತಡಮಾಡದೆ ತಲುಪುತ್ತಿದ್ದರು. ಷಿಕಾಗೊ ನಗರಾಡಳಿತ 2012ರಲ್ಲಿ ಅದಕ್ಕೆ ಒಂದು ವರ್ಷ ಹಣ ಕೊಟ್ಟು, ಬಳಿಕ ಒಪ್ಪಂದವನ್ನು ಮುಂದುವರಿಸಲಿಲ್ಲ. ಇಂತಹ ಕೆಲಸಕ್ಕೆ ಹಣ ನಿಲ್ಲಿಸುವುದು ಆಳುವವರಿಗೆ ಬಹಳ ಸುಲಭ. 2025ರ ಏಪ್ರಿಲ್‌ನಲ್ಲಿ ಅಮೇರಿಕದ ಕೇಂದ್ರ ಸರ್ಕಾರವೂ ಹಲವು ನಗರಗಳ ಇಂತಹ ಸಂಸ್ಥೆಗಳ ಅನುದಾನವನ್ನು ನಡುವಿನಲ್ಲಿಯೇ ರದ್ದುಗೊಳಿಸಿತು. ನಡೆಯದೇ ಹೋದ ಕೊಲೆಗೆ ಸತ್ತವನ ಭಾವಚಿತ್ರವಿರುವುದಿಲ್ಲ, ಅದು ಮತವನ್ನೂ ತರುವುದಿಲ್ಲ.

ಆಸ್ಪತ್ರೆಯ ಹಾಸಿಗೆ, ಮನೆಯಂಗಳ ಎಂದಾಗ ನನಗೆ ಆ ಖಬರಸ್ಥಾನದ ಗೋಡೆ ನೆನಪಾಗುತ್ತದೆ. ಸೇಡಿನ ಕೊಲೆಯನ್ನು ತಡೆಯಬೇಕಾದ ಜಾಗ ಮತ್ತು ಗಳಿಗೆ ಅದೇ ಆಗಿತ್ತು. ಅಲ್ಲಿ ಪೊಲೀಸರಿರಲಿಲ್ಲ, ನಾವಿದ್ದೆವು. ಪ್ರವಾದಿ(ಸ)ರು ವಿದಾಯದ ಹಜ್ಜ್‌ನಲ್ಲಿ, ಅರಫಾದಲ್ಲಿ, ಅಜ್ಞಾನ ಕಾಲದ ರಕ್ತದ ಸೇಡುಗಳೆಲ್ಲವನ್ನೂ ರದ್ದುಗೊಳಿಸಿದರು. ಈ ಮಾತನ್ನು ನಾವು ಖುತುಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಅವರು ಮೊದಲು ರದ್ದುಗೊಳಿಸಿದ್ದು ಯಾರ ರಕ್ತದ ಹಕ್ಕನ್ನು? ತಮ್ಮ ದೊಡ್ಡಪ್ಪ ಹಾರಿಸ್‌ರ ಮಗ ರಬೀಅರ ಪುಟ್ಟ ಮಗುವಿನದನ್ನು. ಬನೂ ಸಅದ್ ಗೋತ್ರದಲ್ಲಿ ಹಾಲೂಡಿಸಲು ಬಿಟ್ಟಿದ್ದಾಗ ಹುಝೈಲ್ ಗೋತ್ರದವರಿಂದ ಹತವಾದ ಮಗು ಅದು. ಬೇರೆಯವರಿಗೆ ಸಹನೆ ಬೋಧಿಸುವ ಮೊದಲು ತಮ್ಮ ಮನೆಯ ಸೇಡನ್ನು ಮಣ್ಣು ಮಾಡಿದರು. ನಮ್ಮ ಎರಡು ಮೊಹಲ್ಲಾಗಳ ನಡುವೆ ಜಗಳವಾದಾಗ ಸಮಿತಿಯ ಅಧ್ಯಕ್ಷರು ತಮ್ಮ ಕಡೆಯ ಹುಡುಗನ ಜಾಮೀನಿಗೆ ಓಡಾಡುತ್ತಾರೆ. ಇನ್ನೊಂದು ಮಸೀದಿಯ ಅಧ್ಯಕ್ಷರ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬಂದವರು ಎಷ್ಟು ಮಂದಿ? ತಪ್ಪು ಮಾಡಿದ ಹುಡುಗನ ಮದುವೆಯನ್ನು ರಿಜಿಸ್ಟರಿನಲ್ಲಿ ಬರೆಯದೆ ಅವನ ಮನೆಯವರನ್ನು ಕಾಯಿಸುವುದನ್ನು ನಾವು ಶಿಸ್ತು ಎಂದುಕೊಂಡಿದ್ದೇವೆ. ಅದರಿಂದ ಅವನು ಮಸೀದಿಯಿಂದ ದೂರವಾಗುತ್ತಾನೆಯೇ ಹೊರತು ತಂಡದಿಂದಲ್ಲ. ಅವನ ಜನಾಝಾಕ್ಕೆ ಮಾತ್ರ ನಾವು ಸಾಲುಗಟ್ಟಿ ನಿಲ್ಲುತ್ತೇವೆ.

ನಗರಸಭೆಯ ಸದಸ್ಯರೊಬ್ಬರು ಇಲ್ಲಿದ್ದಾರೆ. ಕಾನೂನು ಸುವ್ಯವಸ್ಥೆ ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಅವರು ಹೇಳಬಹುದು, ಅದು ಸರಿ. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಗುರುತಿಸಿದ 18 ವಿಷಯಗಳಲ್ಲಿ ಪೊಲೀಸ್ ಇಲ್ಲ. ಆದರೆ ಬೀದಿದೀಪವಿದೆ, ಉದ್ಯಾನ ಮತ್ತು ಆಟದ ಮೈದಾನಗಳಿವೆ, ನಗರದ ಬಡತನ ನಿವಾರಣೆಯಿದೆ, ದುರ್ಬಲ ವರ್ಗಗಳ ಹಿತರಕ್ಷಣೆಯಿದೆ. ರಿಚ್ಮಂಡಿನ ಕಚೇರಿಗೂ ಪೊಲೀಸ್ ಅಧಿಕಾರ ಇರಲಿಲ್ಲ ಎಂಬುದನ್ನು ನೆನಪಿಸಬಯಸುತ್ತೇನೆ. ಒಂದು ಕೋಣೆ, ಇಬ್ಬರು ಕಾರ್ಯಕರ್ತರು, ಐದು ವರ್ಷ ನಿಲ್ಲದ ಸಂಬಳ: ಇದಕ್ಕೆ ಒಂದು ಮೋರಿಯ ಟೆಂಡರಿನಷ್ಟೂ ಖರ್ಚಾಗಲಾರದು. ಕಾರ್ಯಕರ್ತರಲ್ಲಿ ಒಬ್ಬನು ಮುಸ್ಲಿಮನಲ್ಲದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಗುಂಪುಗಳು ಎಲ್ಲ ಬೀದಿಗಳಲ್ಲೂ ಇವೆ.

ನಾನು ಹೆಚ್ಚು ಸಮಯ ತೆಗೆದುಕೊಂಡೆ. ಮಗ್ರಿಬ್‌ಗೆ ಹೊತ್ತಾಗುತ್ತಿದೆ. ಗೋಡೆಯ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ ಹುಡುಗ ಈಗ ಜೈಲಿನಲ್ಲಿದ್ದಾನೆ. ಅಳುತ್ತಿದ್ದವನು ಹೊರಗಿದ್ದಾನೆ. ಅವನ ಮನೆ ಎಲ್ಲಿದೆಯೆಂದು ನಾನು ಇಲ್ಲಿ ಹೇಳುವುದಿಲ್ಲ, ಸಮಿತಿಯವರಿಗೆ ಗೊತ್ತಿದೆ. ಈ ಸಭೆಯ ಆಹ್ವಾನಪತ್ರ ಮೊಹಲ್ಲಾದ ಎಲ್ಲ ಮನೆಗಳಿಗೂ ತಲುಪಿದೆ, ಅವನ ಮನೆಗೆ ತಲುಪಿಲ್ಲ; ಬರುವ ಮುನ್ನ ನಾನು ವಿಚಾರಿಸಿದೆ. ನಾಳೆ ಅಸರ್ ನಮಾಝಿನ ಬಳಿಕ ನಾನು ಅಲ್ಲಿಗೆ ಹೋಗುವವನಿದ್ದೇನೆ. ಅವನ ತಾಯಿ ಬಾಗಿಲು ತೆರೆಯುತ್ತಾರೋ ಇಲ್ಲವೋ ತಿಳಿಯದು. ಅಧ್ಯಕ್ಷರೇ, ತಾವೂ ಜೊತೆಗೆ ಬರುವುದಾದರೆ ಮಸೀದಿಯ ಗೇಟಿನ ಬಳಿ ಕಾಯುತ್ತೇನೆ.